ಎರಡು ಬಾಗಿಲುಗಳ ನಡುವಣ ಸಂಭಾಷಣೆ

ಒಂದು ಮನೆಯ ಗಣಕಯಂತ್ರವು ದೂರದ ಬೇರೊಂದು ಮನೆಯ ಯಂತ್ರದೊಡನೆ, ನಡುವೆ ಯಾರ ಹಂಗೂ ಇಲ್ಲದೆ, ನೇರವಾಗಿ ಮಾತನಾಡುವುದು ಸುಲಭವೆಂದು ತೋರಬಹುದು. ವಾಸ್ತವದಲ್ಲಿ ಅದು ಅಂತರಜಾಲದ ಕಠಿನ ಸಮಸ್ಯೆಗಳಲ್ಲೊಂದು.

ಇದಕ್ಕೆ ಮೂಲಕಾರಣ ವಿಳಾಸಗಳ ಬಡತನ. 1981ರಲ್ಲಿ ನಿಯತವಾದ ಪದ್ಧತಿಯಲ್ಲಿ ಒಂದು ವಿಳಾಸಕ್ಕೆ 32 ದ್ವಿಮಾನ ಅಂಕಿಗಳು. ಅವುಗಳಿಂದ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಈ ಕೊರತೆಗೆ ಪರಿಹಾರವಾಗಿ 1994ರಲ್ಲಿ ‘ನ್ಯಾಟ್’ ಎಂಬ ವಿಳಾಸಾಂತರದ ಉಪಾಯವು ಪ್ರಕಟವಾಯಿತು. ಮನೆಯೊಳಗಿನ ಯಂತ್ರಗಳಿಗೆ ಒಳಬಳಕೆಯ ವಿಳಾಸಗಳು. ಹೊರಗೆ ಎಲ್ಲಕ್ಕೂ ಸೇರಿ ಒಂದೇ ವಿಳಾಸ. ಬಾಗಿಲಲ್ಲಿರುವ ರೂಟರು, ಒಳಗಿನ ಯಾವ ಯಂತ್ರವು ಯಾರಿಗೆ ಓಲೆ ಕಳುಹಿಸಿತೆಂದು ಗುರುತು ಹಾಕಿಕೊಂಡು, ಬಂದ ಉತ್ತರವನ್ನು ಆಯಾ ಯಂತ್ರಕ್ಕೆ ಮುಟ್ಟಿಸುತ್ತದೆ. ಗುರುತಿಲ್ಲದ ಓಲೆಯನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯದು; ಎಸೆದುಬಿಡುತ್ತದೆ. ಇದನ್ನು ರಕ್ಷಣೆಯೆಂದು ಹೊಗಳುವವರುಂಟು. ಅದು ಬಡತನದಿಂದ ತಾನಾಗಿ ಒದಗಿದ ಫಲವೇ ಹೊರತು ಮೂಲದ ಉದ್ದೇಶವಲ್ಲ. ಎರಡು ಮನೆಗಳಲ್ಲಿಯೂ ಇಂಥ ದ್ವಾರಪಾಲಕರಿದ್ದರೆ ಮೊದಲು ಕರೆದವನ ಕರೆ ಕೇಳಿಸುವುದೆಂತು?

ಕಂಡುಕೊಂಡ ಉತ್ತರ ಸೊಗಸಾದುದು. ಎರಡು ಯಂತ್ರಗಳೂ ಬಹಿರಂಗ ವಿಳಾಸವುಳ್ಳ ಮೂರನೆಯ ಯಂತ್ರವೊಂದನ್ನು ಮೊದಲು ಸಂಪರ್ಕಿಸುತ್ತವೆ. ಹೊರಗಿನಿಂದ ನೋಡಿದಾಗ ಅವುಗಳ ವಿಳಾಸವೂ ದ್ವಾರಸಂಖ್ಯೆಯೂ ಹೇಗೆ ಕಾಣುತ್ತವೆಂಬುದನ್ನು ಅದು ತಿಳಿಸುತ್ತದೆ. ಈ ಕ್ರಮಕ್ಕೆ 2003ರಲ್ಲಿ ‘ಸ್ಟನ್’ ಎಂಬ ಹೆಸರಿನಿಂದ ನಿಯಮಗಳು ಏರ್ಪಟ್ಟವು. ಬಳಿಕ ಪರಸ್ಪರ ವಿಳಾಸವನ್ನರಿತು, ಎರಡೂ ಹೆಚ್ಚುಕಡಿಮೆ ಒಂದೇ ವೇಳೆಗೆ ಓಲೆ ಬಿಡುತ್ತವೆ. ಮೊದಲ ಓಲೆಯು ಎದುರುಬಾಗಿಲಲ್ಲಿ ನಷ್ಟವಾದರೂ ಚಿಂತೆಯಿಲ್ಲ. ತಾನು ಹೊರಟ ಬಾಗಿಲಲ್ಲಿ ಅದು ಗುರುತನ್ನು ಬಿಟ್ಟಿರುತ್ತದೆ. ಆ ಗುರುತಿನ ಬಲದಿಂದ ಎದುರಿನ ಓಲೆಯು ಉತ್ತರದ ವೇಷದಲ್ಲಿ ಒಳಹೊಗುತ್ತದೆ. ಗುರುತು ಬೇಗನೆ ಅಳಿಯುವುದರಿಂದ ಆಗಾಗ ಬರಿದಾದ ಓಲೆಯನ್ನಾದರೂ ಕಳುಹಿಸುತ್ತಿರಬೇಕು.

ಆದರೆ ಕೆಲವು ರೂಟರುಗಳು ಪ್ರತಿಯೊಂದು ಹೊಸ ಗಮ್ಯಕ್ಕೂ ಹೊಸ ದ್ವಾರಸಂಖ್ಯೆಯನ್ನು ಕೊಡುತ್ತವೆ. ಆಗ ಮೂರನೆಯ ಯಂತ್ರವು ತಿಳಿಸಿದ ಸಂಖ್ಯೆ ನಿರುಪಯುಕ್ತ. ಸಂಪರ್ಕ ಒದಗಿಸುವ ಸಂಸ್ಥೆಯೂ ತನ್ನ ಕಡೆಯಲ್ಲಿ ಇನ್ನೊಂದು ವಿಳಾಸಾಂತರ ನಡೆಸಿದರಂತೂ, ಮನೆಯ ಯಜಮಾನನು ತನ್ನ ರೂಟರನ್ನು ಎಷ್ಟು ತಿದ್ದಿದರೂ ಹೊರಬಾಗಿಲು ಅವನ ಕೈಯಲ್ಲಿಲ್ಲ. ಮೊಬೈಲು ಜಾಲಗಳಲ್ಲಿ ಇದು ಸಾಮಾನ್ಯ. ಕೊನೆಗೆ ಉಳಿಯುವುದು ಎಲ್ಲ ಮಾತನ್ನೂ ಮಧ್ಯವರ್ತಿ ಯಂತ್ರದ ಮೂಲಕ ಸಾಗಿಸುವ ಮಾರ್ಗ. ಕೆಲಸವೇನೋ ನಡೆಯುತ್ತದೆ, ವಿಳಂಬವೂ ವೆಚ್ಚವೂ ಹೆಚ್ಚು. ಸಂದೇಶವು ಗೂಢಲಿಪಿಯಲ್ಲಿದ್ದರೂ, ಯಾವ ವಿಳಾಸವು ಯಾವುದರೊಡನೆ ಎಷ್ಟು ಹೊತ್ತು ಮಾತನಾಡಿತೆಂಬುದು ಮಧ್ಯವರ್ತಿಗೆ ಗೋಚರ.

1995ರಲ್ಲಿ ಮೊದಲು ಪ್ರಕಟವಾದ 128 ಅಂಕಿಗಳ ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಯಂತ್ರಕ್ಕೂ ಸ್ವಂತ ವಿಳಾಸ ಸಾಧ್ಯ. ಆದರೂ ಕರೆಯದೆ ಬಂದ ಓಲೆಯನ್ನು ಮನೆಯ ರೂಟರುಗಳು ಅಲ್ಲಿಯೂ ಸಾಮಾನ್ಯವಾಗಿ ತಡೆಯುತ್ತವೆ. ಎರಡೂ ಕಡೆಯಿಂದ ಒಮ್ಮೆಲೇ ಓಲೆ ಬಿಡುವ ಉಪಾಯ ಆಗಲೂ ಬೇಕು. ದ್ವಾರಸಂಖ್ಯೆ ಮಾರ್ಪಡದ ಕಾರಣ ಅದು ಸುಲಭವಾಗಿ ಫಲಿಸುತ್ತದೆ.