ಈಟನ್: ಬಡ ಬಾಲಕರಿಗಾಗಿ ಅರಸನು ಕಟ್ಟಿದ ಶಾಲೆ

ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೈಲಿ ದೂರ. ಥೇಮ್ಸ್ ನದಿಯ ಒಂದು ದಡದಲ್ಲಿ ವಿಂಡ್ಸರ್ ಅರಮನೆ, ಮತ್ತೊಂದು ದಡದಲ್ಲಿ ಈಟನ್ ಎಂಬ ಪುಟ್ಟ ಊರು. ಹಿಂದೆ ಬಾಲದಂತೆ ಇಳಿಬಿದ್ದ ಕರಿಯ ಕೋಟು, ಗೆರೆಗೆರೆಯ ಷರಾಯಿ, ಬಿಳಿಯ ಕಾಲರು ತೊಟ್ಟು, ಪುಸ್ತಕಗಳನ್ನು ಕಂಕುಳಲ್ಲಿ ಇರುಕಿಕೊಂಡು ಧಾವಿಸುವ ಬಾಲಕರನ್ನು ಇಲ್ಲಿ ಕಂಡವರು, ಯಾವುದೋ ಮದುವೆಯ ದಿಬ್ಬಣ ಹೊರಟಿದೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅದು ಅವರ ನಿತ್ಯದ ಶಾಲಾ ಉಡುಪು. ಕೆಲವರು ಅದರ ಮೇಲೊಂದು ಕರಿಯ ನಿಲುವಂಗಿಯನ್ನೂ ಧರಿಸಿರುತ್ತಾರೆ. ಅವರೇ 'ಅರಸನ ವಿದ್ಯಾರ್ಥಿಗಳು'.

1440ರಲ್ಲಿ ಈ ಶಾಲೆಯನ್ನು ಸ್ಥಾಪಿಸಿದಾಗ ಆರನೆಯ ಹೆನ್ರಿ ದೊರೆಗೆ ಇನ್ನೂ ಹದಿನೆಂಟು ವರ್ಷ. ಬಡ ಬಾಲಕರಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ನೀಡುವುದು ಅವನ ಸಂಕಲ್ಪ. ಅವರ ಸಂಖ್ಯೆ 70 ಎಂದು ನಿಗದಿಯಾಯಿತು. ಕ್ರಮೇಣ ಸಿರಿವಂತರ ಮಕ್ಕಳೂ ಬಂದು, ಊರಿನಲ್ಲಿ ಬಿಡಾರ ಮಾಡಿ, ಹಣ ತೆತ್ತು ಓದತೊಡಗಿದರು. ಇವರಿಗೆ 'ಆಪಿಡನ್'ಗಳೆಂದು, ಎಂದರೆ ಪಟ್ಟಣಿಗರೆಂದು, ಹೆಸರಾಯಿತು. ಇಂದು ಶಾಲೆಯಲ್ಲಿ 1,300ಕ್ಕೂ ಹೆಚ್ಚು ಬಾಲಕರಿದ್ದಾರೆ. ನಿಲುವಂಗಿಯವರು ಮಾತ್ರ ಅದೇ 70 ಮಂದಿ.

ಅರಸನ ವಿದ್ಯಾರ್ಥಿಗಳ ಬಾಳು ಬಹುಕಾಲ ಸುಖಕರವಾಗಿರಲಿಲ್ಲ. 'ಲಾಂಗ್ ಚೇಂಬರ್' ಎಂಬ ಒಂದೇ ಉದ್ದನೆಯ ಕೊಠಡಿಯಲ್ಲಿ ಐವತ್ತಕ್ಕೂ ಹೆಚ್ಚು ಹುಡುಗರು ಮಲಗಬೇಕು. ರಾತ್ರಿ ಬೀಗ ಬಿದ್ದರೆ ಬೆಳಗಿನವರೆಗೆ ಹಿರಿಯ ಹುಡುಗರದೇ ರಾಜ್ಯಭಾರ. ಜೊತೆಗೆ ಇಲಿಗಳ ಕಾಟ. 1809ರಿಂದ 1834ರವರೆಗೆ ಮುಖ್ಯೋಪಾಧ್ಯಾಯನಾಗಿದ್ದ ಜಾನ್ ಕೀಟ್ ಮಹಾಶಯನು ಹುಡುಗರನ್ನು ದಂಡಿಸುವುದರಲ್ಲಿ ಹೆಸರುವಾಸಿ. ಉಚಿತವಾಗಿದ್ದರೂ ಸ್ಥಾನಗಳು ಭರ್ತಿಯಾಗದ ಕಾಲ ಬಂದಿತು! 1840ರ ದಶಕದಲ್ಲಿ ಹೊಸ ಕಟ್ಟಡವೆದ್ದ ಮೇಲೆಯೇ ಸ್ಥಿತಿ ಸುಧಾರಿಸಿದ್ದು. 1861ರಲ್ಲಿ ನೇಮಕವಾದ ವಿಚಾರಣಾ ಆಯೋಗವು ಈಟನ್ ಸೇರಿದಂತೆ ಒಂಬತ್ತು ಶಾಲೆಗಳನ್ನು ಪರಿಶೀಲಿಸಿ, ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಪ್ರಾಬಲ್ಯದಲ್ಲಿ ವಿಜ್ಞಾನಕ್ಕೆ ತಕ್ಕ ಸ್ಥಾನ ದೊರೆತಿಲ್ಲವೆಂದಿತು.

ಇಂದು ಹದಿಮೂರರ ವಯಸ್ಸಿನಲ್ಲಿ ಮನೆ ತೊರೆದು ಬರುವ ಬಾಲಕನಿಗೆ ಮೊದಲ ದಿನದಿಂದಲೇ ಪ್ರತ್ಯೇಕ ಕೋಣೆ. ಒಂದೊಂದು ವಸತಿಗೃಹದಲ್ಲಿ ಐವತ್ತರಷ್ಟು ಹುಡುಗರು. ಅವರ ಮೇಲ್ವಿಚಾರಣೆಗೆ ಗೃಹಾಧ್ಯಾಪಕ. ಊಟೋಪಚಾರ, ಕಾಯಿಲೆ ಕಸಾಲೆಗಳನ್ನು ನೋಡಿಕೊಳ್ಳುವಾಕೆಗೆ 'ಡೇಮ್' ಎಂದು ಹೆಸರು. ವರ್ಷದಲ್ಲಿ ಮೂರು ಅವಧಿಗಳಿದ್ದರೂ ಒಂದೊಂದನ್ನೂ 'ಅರ್ಧ' ಎಂದೇ ಕರೆಯುವುದು ಇಲ್ಲಿನ ಗಣಿತ! ಕಿರಿಯನು ಹಿರಿಯನ ಬೂಟು ಒರೆಸಿ, ರೊಟ್ಟಿ ಸುಟ್ಟು ಕೊಡಬೇಕಾಗಿದ್ದ 'ಫ್ಯಾಗಿಂಗ್' ಪದ್ಧತಿಯು 1980ರ ಸುಮಾರಿಗೆ ಅಳಿಯಿತು; ಬೆತ್ತವೂ ಈಗಿಲ್ಲ.

ಈ ಶಾಲೆಯ ನೆರಳು ಕನ್ನಡನಾಡಿನ ಮೇಲೂ ಬಿದ್ದಿತ್ತು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್ ಈಟನ್ನಿನಲ್ಲಿ ಓದಿದವನು. ಅಲ್ಲಿ ಹಾಕಿಯಾಡುವಾಗ ತಗುಲಿದ ಪೆಟ್ಟಿನಿಂದ ಅವನ ಒಂದು ಕಣ್ಣಿಗೆ ಊನವಾಗಿತ್ತು. 1799ರಲ್ಲಿ ಟಿಪ್ಪುವಿನ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್ ವೆಲ್ಲೆಸ್ಲಿಯೂ, ಆ ಯುದ್ಧದಲ್ಲಿ ಸೇನಾನಿಯಾಗಿದ್ದ ಅವನ ತಮ್ಮ ಆರ್ಥರನೂ ಇಲ್ಲಿಯವರೇ. ಮನೆಯಲ್ಲಿ ಹಣದ ಮುಗ್ಗಟ್ಟಾಗಿ ಆರ್ಥರನು 1784ರಲ್ಲಿ ಶಾಲೆ ಬಿಡಬೇಕಾಯಿತು. ಮುಂದೆ ವಾಟರ್ಲೂ ಕದನವನ್ನು ಗೆದ್ದವನು ಅವನೇ.

ವಾಲ್‌ಪೋಲನಿಂದ ಬೋರಿಸ್ ಜಾನ್ಸನ್‌ವರೆಗೆ ಬ್ರಿಟನ್ನಿನ 20 ಪ್ರಧಾನಮಂತ್ರಿಗಳು ಈಟನ್ನಿನಲ್ಲಿ ಓದಿದವರು. ಅರ್ಥಶಾಸ್ತ್ರಜ್ಞ ಕೇನ್ಸ್ ನಿಲುವಂಗಿ ತೊಟ್ಟ ಎಪ್ಪತ್ತರಲ್ಲಿ ಒಬ್ಬನಾಗಿದ್ದನು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಸಾಹಿತಿ ಜಾರ್ಜ್ ಆರ್ವೆಲ್ ಕೂಡ ಹಾಗೆಯೇ; ಆ ವಿದ್ಯಾರ್ಥಿವೇತನ ದೊರೆಯದಿದ್ದರೆ, ಭಾರತದಲ್ಲಿ ಸಾಧಾರಣ ಅಧಿಕಾರಿಯಾಗಿದ್ದ ಅವನ ತಂದೆಗೆ ಈಟನ್ನಿನ ಖರ್ಚು ನಿಲುಕುವಂತಿರಲಿಲ್ಲ.

ಈಗ ವಾರ್ಷಿಕ ಶುಲ್ಕ 50,000 ಪೌಂಡುಗಳನ್ನೂ ಮೀರಿದೆ. ಕಠಿನ ಪರೀಕ್ಷೆಯಲ್ಲಿ ಗೆದ್ದವರಿಗೆ ನಿಲುವಂಗಿ ದೊರೆಯುತ್ತದೆ. ಆದರೆ ಅಷ್ಟಕ್ಕೇ ಶುಲ್ಕವೆಲ್ಲ ಮನ್ನಾ ಆಗುವುದಿಲ್ಲ. ಕುಟುಂಬದ ಆದಾಯವನ್ನು ನೋಡಿ ರಿಯಾಯಿತಿ ನಿರ್ಧಾರವಾಗುತ್ತದೆ. ಏನನ್ನೂ ತೆರದೆ ಓದುವ ಬಾಲಕರು ಇಂದಿಗೂ ಇದ್ದಾರೆಂಬುದು ನಿಜ. ಆದರೆ ಬಡವರಿಗಾಗಿಯೇ ತೆರೆದ ಮನೆಯಲ್ಲಿ ಅವರೀಗ ಅಲ್ಪಸಂಖ್ಯಾತರು. ಅತಿಥಿಗಳಾಗಿ ಬಂದವರೇ ಯಜಮಾನರಾಗಿದ್ದಾರೆ. ಶಾಲೆಯ ಅಂಗಳದಲ್ಲಿ ನಿಂತಿರುವ ಹೆನ್ರಿ ದೊರೆಯ ಕಂಚಿನ ಪ್ರತಿಮೆಯ ಮುಂದೆ ದಿನವೂ ಎಲ್ಲರೂ ಹಾದುಹೋಗುತ್ತಾರೆ.