ಇರುವುದೊಂದೇ ಕಣ್ಣು, ಅದಕ್ಕೂ ಪೊರೆ

ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಮೆಳ್ಳೆ. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂತಿದ್ದು ನಾಚಿಕೆಯಿಂದಲ್ಲ. ಮೆಳ್ಳೆಗಣ್ಣು ಅದೃಷ್ಟ ಎನ್ನುತ್ತಿದ್ದರು ಅಜ್ಜಿ, ಹಾಗಾಗಿ ಯಾರೂ ಆಸ್ಪತ್ರೆಗೆ ತೋರಿಸಲಿಲ್ಲ. ಓರೆಯಾದ ಕಣ್ಣಿನ ನೋಟವನ್ನು ಮಿದುಳು ಕ್ರಮೇಣ ಕೈಬಿಡುತ್ತದಂತೆ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿಸಿ, ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟಿದ್ದರೆ ದೃಷ್ಟಿ ಉಳಿಯುತ್ತಿತ್ತೇನೋ. ನನಗಿದು ಗೊತ್ತಾಗಿದ್ದು 52ನೇ ವಯಸ್ಸಿಗೆ. ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ ಈ ವಾರವೇ ಕರೆದುಕೊಂಡು ಹೋಗಿ.

ಒಂದೇ ಕಣ್ಣಲ್ಲಿ 30 ವರ್ಷ ಹಾಲು ಕರೆದಿದ್ದೇನೆ. ಕರೆಯುವುದು ಬೆರಳಿಗೇ ಗೊತ್ತು. ಕ್ಯಾನಿಗೆ ಸುರಿಯುವಾಗ ಮಾತ್ರ ಅಂದಾಜು ತಪ್ಪಿ ಚೆಲ್ಲುತ್ತಿತ್ತು. ಅಂಚಿಗೆ ಅಂಚು ತಾಗಿಸಿ ಸುರಿಯುವುದನ್ನು ಕಲಿತೆ.

ಹೋದ ವರ್ಷದಿಂದ ಬಲಗಣ್ಣೂ ಮಂಜು. ಬಿಸಿಲಿಗೆ ಬಂದರೆ ಬೆಳ್ಳಗೆ ಕವಿಯುತ್ತದೆ, ಕೊಟ್ಟಿಗೆಯ ಬಲ್ಬಿನ ಸುತ್ತ ಬಳೆ ಕಾಣುತ್ತದೆ. ಒಂದು ಬೆಳಿಗ್ಗೆ ಸಂಘದಲ್ಲಿ ನನ್ನ ಹಾಲು ವಾಪಸ್ ಬಂತು. ಕೆಚ್ಚಲು ಬಾವು! ಮೊದಲ ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿದ್ದೆ, ಹೆಪ್ಪಿನ ಚೂರು ನನಗೆ ಕಂಡಿರಲಿಲ್ಲ. ಮಾರನೇ ದಿನವೇ ಜಿಲ್ಲಾ ಆಸ್ಪತ್ರೆಗೆ ಹೋದೆ.

ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು. "ಏನಾದರೂ ಆದರೆ ನನಗೆ ಇನ್ನೊಂದು ಕಣ್ಣಿಲ್ಲವಲ್ಲ ಮೇಡಂ" ಅಂದೆ. ಏನೂ ಆಗಲ್ಲ ಎಂದು ಅವರು ತೇಲಿಸಲಿಲ್ಲ. ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೆದರಿಕೆ ಇರುವುದು ಸೋಂಕಿನದು, ಅದಕ್ಕೇ ಮೊದಲು ಸಕ್ಕರೆ, ಬಿ.ಪಿ. ನೋಡುವುದು ಎಂದರು. ಪೊರೆ ಹಣ್ಣಾಗಲಿ ಎಂದು ಕಾದರೆ ಗಟ್ಟಿಯಾಗಿ ಕೆಲಸ ಇನ್ನೂ ಕಷ್ಟವಂತೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ದುಡ್ಡೂ ಇಲ್ಲ.

ನಮ್ಮಜ್ಜಿಗೆ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆಮೇಲೆ ಸಾಯುವತನಕ ಸೋಡಾ ಬಾಟಲಿಯ ತಳದಂಥ ಕನ್ನಡಕ. ಈಗ ಕಣ್ಣೊಳಗೇ ಲೆನ್ಸ್ ಕೂರಿಸುತ್ತಾರೆ.

ನನಗೆ ಕಷ್ಟ ಎನಿಸಿದ್ದು ಆಮೇಲಿನ ಪಥ್ಯ. ಕೆಲವು ವಾರ ಹುಲ್ಲಿನ ಧೂಳು, ಸಗಣಿ, ಬಾಲದ ಏಟು ಯಾವುದೂ ಕಣ್ಣಿಗೆ ತಾಗಬಾರದು. ಭಾರ ಎತ್ತುವಂತಿಲ್ಲ, ತಲೆಗೆ ನೀರು ಹಾಕುವಂತಿಲ್ಲ. ಸೊಪ್ಪಿನ ರಸ, ಎದೆಹಾಲು ಬಿಡಲೇಬಾರದು, ಅವರು ಕೊಟ್ಟ ಡ್ರಾಪ್ಸ್ ಮಾತ್ರ. ಕಣ್ಣು ಕೆಂಪಾಗಿ ನೋವು ಏರಿದರೆ, ನೋಟ ಮಸುಕಾದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಗುರುವಾರ ಆಪರೇಷನ್. ನಮ್ಮ ಗೌರಿ ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ. ಅದಕ್ಕೇ ವಾರದಿಂದ ವಾರಗಿತ್ತಿ ನನ್ನ ಹಳೇ ಸೀರೆ ಸುತ್ತಿಕೊಂಡು ಕರೆಯಲು ಕೂರುತ್ತಿದ್ದಾಳೆ. ಮೊದಲ ದಿನ ಒದೆ ಸಿಕ್ಕಿತು. ನಿನ್ನೆ 4 ಲೀಟರ್ ಕೊಟ್ಟಿತು.