ಸೊಂಟದ ಕೀಲಿಗೆ ಕಂಪ್ಯೂಟರ್: ಏನು ಮಾಡುತ್ತದೆ, ಏನು ಮಾಡದು?

"ಈಗ ಆಪರೇಷನ್ನನ್ನು ಕಂಪ್ಯೂಟರೇ ಮಾಡುತ್ತಂತೆ ಕಣ್ರೀ! ನಮ್ಮತ್ತೆಗೂ ಅದನ್ನೇ ಮಾಡಿಸಿ ಅಂತಿದಾರೆ. ದುಡ್ಡು ಮಾತ್ರ ಜಾಸ್ತಿಯಂತೆ."

ಸೊಂಟದ ಕೀಲು ಸವೆದವರಿರುವ ಮನೆಗಳಲ್ಲಿ ಈಗ ಇಂಥ ಮಾತು ಕೇಳಿಬರುತ್ತದೆ. ಹಣ ಹೊಂದಿಸಲು ಬಳೆ ಅಡವಿಡುವ ಮೊದಲು, ಈ ಕಂಪ್ಯೂಟರ್ ಮಾಡುವುದೇನು, ಮಾಡದಿರುವುದೇನು ಎಂದು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ಒರಳು ಮತ್ತು ಗುಂಡು

ಇಲ್ಲಿ ಸೊಂಟವೆಂದರೆ ಬೆನ್ನಿನ ಕೆಳಭಾಗವಲ್ಲ. ತೊಡೆಯ ಮೂಳೆ ಸೊಂಟದ ಮೂಳೆಗೆ ಕೂಡುವ ಜಾಗ. ನಮ್ಮ ರುಬ್ಬುವ ಒರಳನ್ನು ನೆನೆಸಿಕೊಳ್ಳಿ. ಒರಳಿನ ಕುಳಿಯಲ್ಲಿ ಗುಂಡು ತಿರುಗುವಂತೆ ಸೊಂಟದ ಮೂಳೆಯ ಬಟ್ಟಲಿನಲ್ಲಿ ತೊಡೆಮೂಳೆಯ ದುಂಡನೆಯ ತಲೆ ತಿರುಗುತ್ತದೆ. ಸಂಧಿವಾತದಿಂದ ಕೀಲಿನ ನುಣುಪು ಸವೆದರೆ, ರಕ್ತ ಸಾಲದೆ ಗುಂಡು ಕುಸಿದರೆ, ಇಲ್ಲವೆ ವಯಸ್ಸಾದವರು ಬಚ್ಚಲಲ್ಲಿ ಜಾರಿಬಿದ್ದು ತೊಡೆಮೂಳೆಯ ಕತ್ತು ಮುರಿದರೆ ಕೀಲನ್ನೇ ಬದಲಿಸಬೇಕಾದೀತು.

ಈ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ, ಕೆಲವರಿಗೆ ಮಂಡಿಯಲ್ಲಿ. ಆದ್ದರಿಂದ ಮಂಡಿಗೆ ಎಣ್ಣೆ ತಿಕ್ಕುತ್ತಾ ಕಾಲ ಕಳೆಯಬೇಡಿ, ಸೊಂಟದ ಎಕ್ಸ್‌ರೇ ಬೇಕೇ ಎಂದು ಡಾಕ್ಟರನ್ನು ಕೇಳಿ.

ಇಂದಿನ ಬದಲಿ ಕೀಲಿಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಡಾ. ಜಾನ್ ಚಾರ್ನ್‌ಲಿ. ಅವರು ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದರು. ದೋಸೆ ಅಂಟದಿರಲೆಂದು ತವಾಕ್ಕೆ ಬಳಿಯುತ್ತಾರಲ್ಲ, ಅದೇ ಟೆಫ್ಲಾನ್! ಅದು ಬೇಗ ಸವೆಯಿತು. 1962ರಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲು, ಉಕ್ಕಿನ ಗುಂಡು ಬಳಸಿ ಗೆದ್ದರು.

ಬಟ್ಟಲು ವಾಲಿದರೆ?

ಹೊಸ ಬಟ್ಟಲನ್ನು ಕೂರಿಸುವುದರಲ್ಲೇ ಕಷ್ಟವಿರುವುದು. ಅದು ತೀರಾ ವಾಲಿದರೆ ಬಗ್ಗಿದಾಗಲೋ ಹೊರಳಿದಾಗಲೋ ಗುಂಡು ಜಾರಿ ಹೊರಬರಬಹುದು, ಬಟ್ಟಲೂ ಬೇಗ ಸವೆಯಬಹುದು. 1978ರಲ್ಲಿ ಅಮೆರಿಕದ ಲೂಯಿನೆಕ್ ಮತ್ತು ಸಂಗಡಿಗರು 300 ಆಪರೇಷನ್‌ಗಳನ್ನು ಪರಿಶೀಲಿಸಿ ಒಂದು ಅಳತೆ ಹೇಳಿದರು: ಬಟ್ಟಲಿನ ಓರೆ 30ರಿಂದ 50 ಡಿಗ್ರಿ, ಮುಂದಕ್ಕೆ ತಿರುಗಿರುವುದು 5ರಿಂದ 25 ಡಿಗ್ರಿ ಇರಬೇಕು. ಮುಂದೆ, ಈ ಮಿತಿಯೊಳಗಿದ್ದೂ ಕೀಲು ಜಾರಿದ್ದುಂಟು ಎಂದು ತಿಳಿದುಬಂತು. ಆದರೂ ಅಳತೆಯ ಮಹತ್ವ ಹೋಗಲಿಲ್ಲ.

ರೋಗಿ ಮಗ್ಗುಲಾಗಿ ಮಲಗಿದಾಗ ಸೊಂಟದ ಮೂಳೆ ತುಸು ಆಚೀಚೆ ವಾಲುತ್ತದೆ. ಡಾಕ್ಟರಿಗೆ ಕಾಣುವುದು ಸೀಳಿದ ಜಾಗವಷ್ಟೇ. ಕಣ್ಣಂದಾಜು ತಪ್ಪುವುದು ಇಲ್ಲೇ.

ಕಂಪ್ಯೂಟರ್ ದಾರಿ ತೋರುತ್ತದೆ

1990ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಡಾ. ಆಂಥೊನಿ ಡಿಜಿಯೋಯಾ ಮತ್ತು ಸಂಗಡಿಗರು 'ಹಿಪ್‌ನ್ಯಾವ್' ಎಂಬ ವ್ಯವಸ್ಥೆ ರೂಪಿಸಿದರು. ಇಂಥ ವ್ಯವಸ್ಥೆಯಲ್ಲಿ ಮೂಳೆಗೆ ಸಣ್ಣ ಪಿನ್ನು ಚುಚ್ಚಿ ಅದಕ್ಕೆ ಗುರುತಿನ ಗೋಲಿಗಳನ್ನು ಸಿಕ್ಕಿಸುತ್ತಾರೆ. ಕ್ಯಾಮೆರಾ ಅವುಗಳನ್ನು ನೋಡುತ್ತಿರುತ್ತದೆ. ಮೊದಲೇ ತೆಗೆದ ಸಿ.ಟಿ. ಸ್ಕ್ಯಾನ್‌ನಿಂದಲೋ, ಡಾಕ್ಟರು ಮೂಳೆಯ ಕೆಲವು ಜಾಗಗಳನ್ನು ಕಡ್ಡಿಯಿಂದ ಮುಟ್ಟಿ ತೋರಿಸಿದ್ದರಿಂದಲೋ ಕಂಪ್ಯೂಟರ್ ಮೂಳೆಯ ನಕ್ಷೆ ಹಾಕಿಕೊಳ್ಳುತ್ತದೆ. ಬಟ್ಟಲು ಎಷ್ಟು ಡಿಗ್ರಿ ವಾಲಿದೆ, ಕಾಲಿನ ಉದ್ದ ಎಷ್ಟು ಮಿಲಿಮೀಟರ್ ಬದಲಾಯಿತು ಎಂಬುದು ಪರದೆಯ ಮೇಲೆ ಕಾಣುತ್ತದೆ.

ಕಾರಿನಲ್ಲಿ ಫೋನು ದಾರಿ ಹೇಳಿದರೂ ಓಡಿಸುವವರು ನಾವೇ ತಾನೆ? ಇದೂ ಹಾಗೆಯೇ. ಕುಯ್ಯುವುದು, ಕೂರಿಸುವುದು ಡಾಕ್ಟರ ಕೈ. ರೋಬೊ ಬೇರೆ ವಿಷಯ: 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ರೋಬೊಡಾಕ್' ಯಂತ್ರ ತೊಡೆಮೂಳೆಯೊಳಗೆ ತಾನೇ ಕೊರೆದಿತ್ತು.

ಹಣ ಕೊಡುವ ಮುನ್ನ

ಕಂಪ್ಯೂಟರ್ ಇದ್ದರೆ ಬಟ್ಟಲು ತೀರಾ ತಪ್ಪಾಗಿ ಕೂರುವುದು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ವರ್ಷಗಳು ಕಳೆದ ಮೇಲೆ ನಡಿಗೆಯಲ್ಲಿ, ನೋವಿನಲ್ಲಿ ದೊಡ್ಡ ವ್ಯತ್ಯಾಸ ಸ್ಪಷ್ಟವಾಗಿ ಕಂಡುಬಂದಿಲ್ಲ. ಆಪರೇಷನ್‌ಗೆ ಹೆಚ್ಚು ಹೊತ್ತು ಹಿಡಿಯಬಹುದು. ಪಿನ್ನು ಚುಚ್ಚಿದ ಕಡೆ ಅಪರೂಪಕ್ಕೆ ತೊಂದರೆಯಾಗಬಹುದು. ಹುಟ್ಟಿನಿಂದ ಕೀಲು ಸೊಟ್ಟಗಿದ್ದವರಿಗೆ, ಹಳೆಯ ಪೆಟ್ಟಿನಿಂದ ಮೂಳೆ ಆಕಾರಗೆಟ್ಟವರಿಗೆ ಇದರ ನೆರವು ಹೆಚ್ಚು ಬೇಕಾಗಬಹುದು.

ಸಂಕೋಚಪಡದೆ ಇವನ್ನು ಕೇಳಿ:

• ಡಾಕ್ಟರೇ, ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ?
• ನಮ್ಮವರಿಗೆ ಕಂಪ್ಯೂಟರ್ ಯಾಕೆ ಬೇಕು? ಇಲ್ಲದಿದ್ದರೆ ಏನಾಗುತ್ತದೆ?
• ಅದಕ್ಕೆಂದೇ ಎಷ್ಟು ಹೆಚ್ಚು ಹಣ? ಆಯುಷ್ಮಾನ್ ಕಾರ್ಡು, ವಿಮೆ ನಡೆಯುತ್ತದೆಯೇ?
• ಯಾವ ಬಗೆಯ ಕೀಲು ಹಾಕುತ್ತೀರಿ?

ಮನೆಯಲ್ಲಿ ನಿಮ್ಮ ಪಾಲು

ಅವರು ಮನೆಗೆ ಬರುವ ಮೊದಲೇ ಎತ್ತರದ ಕುರ್ಚಿ, ಕಮೋಡ್, ಬಚ್ಚಲಿಗೆ ಹಿಡಿಕೆ ಸಿದ್ಧವಿರಲಿ. ಕಾಲಿಗೆ ಸಿಕ್ಕುವ ಚಾಪೆ, ವೈರು ತೆಗೆದುಬಿಡಿ. ಮಣೆಯ ಮೇಲೆ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು ಡಾಕ್ಟರು ಒಪ್ಪುವವರೆಗೂ ಬೇಡ. ಹೇಳಿಕೊಟ್ಟ ವ್ಯಾಯಾಮ ಒಂದು ದಿನವೂ ತಪ್ಪದಿರಲಿ. ಗಾಯದಿಂದ ಕೀವು ಬಂದರೆ, ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಏದುಸಿರು ಬಂದರಂತೂ ಗಳಿಗೆಯೂ ಕಾಯಬೇಡಿ.

ಕಂಪ್ಯೂಟರ್ ಇಲ್ಲವೆಂಬ ಒಂದೇ ಕಾರಣಕ್ಕೆ ಆಪರೇಷನ್ ಮುಂದೂಡುತ್ತಾ ಹೋಗಬೇಡಿ. ಅದು ಇದೆ ಎಂಬ ಒಂದೇ ಕಾರಣಕ್ಕೆ ಸಾಲವನ್ನೂ ಮಾಡಬೇಡಿ. ಪಳಗಿದ ಕೈ ಸಿಕ್ಕಿ, ಮನೆಯವರ ಆರೈಕೆಯೂ ಕೂಡಿದರೆ, ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆ ದೇವಸ್ಥಾನದ ಮೆಟ್ಟಿಲನ್ನೂ ಹತ್ತಿಯಾರು.